ಕಂದು ಬಣ್ಣದ ಪಂಪು

ನೀಲಿ ಪಂಪು ತಿಂಗಳಿಗೊಂದು ಖಾಲಿಯಾಗುತ್ತದೆ.
ಕಂದು ಬಣ್ಣದ್ದು ಮಾತ್ರ
ದೇವರ ಜಗಲಿಯ ಮೇಲೆ, ಯಲ್ಲವ್ವನ ಫೋಟೋದ ಹಿಂದೆ,
ಸೀಲು ಒಡೆಯದೆ ಕೂತಿದೆ ಶಿವರಾತ್ರಿಯಿಂದ.

"ನೀಲಿದು ಎಳದ ಕೂಡ್ಲೆ ಎದಿ ಬಿಚ್ಚತೈತಿ.
ಇದನ್ನ ಎಳದ್ರ ಏನಾಗತೈತಿ?
ಏನೂ ಆಗಂಗಿಲ್ಲ," ಅನ್ನುತ್ತಾಳೆ ಫಕ್ಕೀರವ್ವ ಚಿಗವ್ವ.
"ಮ್ಯಾಲ ಸ್ಟೆರಾಯ್ಡಂತ. ಮಾರಿ ಬಾತು ಕುಂಬಳಕಾಯಿ ಆಗತೈತಿ.
ನೋಡೀನಲ್ಲ, ಗುಳಿಗಿ ನುಂಗಿದ ಹೊಸಮನಿ ನೀಲವ್ವನ್ನ."

ಬ್ಯಾಡಗಿಯ ಗೋದಾಮಿನಲ್ಲಿ ಇಪ್ಪತ್ತೆರಡು ವರ್ಷ
ಮೆಣಸಿನಕಾಯಿ ತೊಟ್ಟು ಮುರಿದವಳು.
ಕಡ್ಡಿಯೋ ಡಬ್ಬಿಯೋ, ಕಣ್ಣು ಮುಚ್ಚಿ
ಸುಕ್ಕು ಮುಟ್ಟಿ ಹೇಳುತ್ತಾಳೆ.
ಸೆರಗನ್ನು ಮೂಗಿಗೆ ಸುತ್ತಿ ಕೂತರೆ
ಕಿಲೋ ಲೆಕ್ಕದ ಕೂಲಿ. ಕೆಮ್ಮಿಗೆ ಲೆಕ್ಕವಿಲ್ಲ.

ನಾನು ಧಾರವಾಡದಲ್ಲಿ,
ಸತ್ತೂರಿನ ಕಡೆಯ ಒಂದು ಪ್ರಯೋಗಶಾಲೆಯಲ್ಲಿ,
ಪಡ್ಡಿನ ಹಂಚಿನಂಥ ತಟ್ಟೆಯ ಇಪ್ಪತ್ನಾಲ್ಕು ಗುಳಿಗಳಲ್ಲಿ
ಯಾರದೋ ಶ್ವಾಸನಾಳದ ಜೀವಕೋಶಗಳನ್ನು ಸಾಕುತ್ತೇನೆ.
ಸಾಕುವುದೆಂದರೆ ಸಾಕುವುದೇ:
ದಿನ ಬಿಟ್ಟು ದಿನ ಗುಲಾಬಿ ಬಣ್ಣದ ನೀರು ಬದಲಿಸಬೇಕು,
ಮೂವತ್ತೇಳು ಡಿಗ್ರಿ ತಪ್ಪಬಾರದು,
ಕರೆಂಟು ಹೋದರೆ ನನ್ನ ಮೈ ತಣ್ಣಗಾಗುತ್ತದೆ.

ಅವಕ್ಕೆ ಬಾಯಿಲ್ಲ. ಆದರೂ ಕೂಗುತ್ತವೆ.
ಒಂದು ಚಿಟಿಕೆ ಧೂಳು ತಾಗಲಿ,
ಓಣಿಯಲ್ಲಿ ಹಾವು ಕಂಡ ಹೆಂಗಸರ ಹಾಗೆ
ಬರ್ರಿ, ಬರ್ರಿ, ಬಡಿಗಿ ತರ್ರಿ
ಎಂದು ರಕ್ತಕ್ಕೆಲ್ಲ ಕೇಳುವಂತೆ.
ಬಂದವರು ಹಾವನ್ನಷ್ಟೇ ಹೊಡೆಯುವುದಿಲ್ಲ,
ಗೋಡೆಯನ್ನೂ ಹೊಡೆಯುತ್ತಾರೆ, ಗಡಿಗೆಯನ್ನೂ.
ಬಾತ ಗೋಡೆಗಳ ನಡುವೆ ಓಣಿಯೇ ಇಕ್ಕಟ್ಟು.
ಅದಕ್ಕೇ ಆ ಸಿಳ್ಳೆ, ರಾತ್ರಿಯಿಡೀ.

ಕಂದು ಪಂಪಿನದು ಗದ್ದಲದ ಮದ್ದಲ್ಲ.
ಬಾಗಿಲು ಬಡಿಯದೆ ಗೋಡೆಯೊಳಗಿಂದಲೇ ನುಸುಳಿ,
ಒಳಗೆ ಕಾದು ಕೂತವನ ಕೈ ಹಿಡಿದು
ನಡುಮನೆಗೆ ಹೋಗುತ್ತದೆ.
ಕೂಗು ಬರೆದಿಟ್ಟ ಪುಟ ಹುಡುಕಿ
ಅದರ ಮೇಲೆ ಅಂಗೈ ಊರಿ ಕೂಡುತ್ತದೆ.
ಅಷ್ಟೇ. ಅದಕ್ಕೂ ತಾಸುಗಟ್ಟಲೆ ಬೇಕು.
ಎದೆಗೆ ಗೊತ್ತಾಗಲು ವಾರಗಳು.
ಕಿಲೋ ಲೆಕ್ಕದವರಿಗೆ ಇದನ್ನು ಹೇಗೆ ಹೇಳಲಿ?

ಯುಗಾದಿಗೆ ಹೋದಾಗ ಅವಳ ಸೆರಗನ್ನು
ಹಳೆ ಪೇಪರಿನ ಮೇಲೆ ಝಾಡಿಸಿ
ಪೊಟ್ಟಣ ಕಟ್ಟಿಕೊಂಡು ಬಂದೆ.
ಬಸ್ಸಿನಲ್ಲಿ ಪಕ್ಕದವರು ಸೀನಿದರು.
ಯಾರಿಗೂ ಹೇಳದೆ ನೀರಿಗೆ ಹಾಕಿ, ಸೋಸಿ,
ಕೊನೆಯ ಸಾಲಿನ ನಾಲ್ಕು ಗುಳಿಗೆ ಹನಿಸಿದೆ:
ಎರಡಕ್ಕೆ ಬರೀ ಸೆರಗು,
ಎರಡಕ್ಕೆ ಮೊದಲು ಮದ್ದು, ಆಮೇಲೆ ಸೆರಗು.

ಕೂಗಿದಷ್ಟೂ ಹಳದಿಯಾಗುತ್ತದೆ ನಮ್ಮ ಪರೀಕ್ಷೆಯ ನೀರು.
ಬರೀ ಸೆರಗಿನದು ಅರಿಷಿಣ ಕದಡಿದಂತಾಯಿತು.
ಮದ್ದಿನದು,
ಅರಿಷಿಣ ಹಚ್ಚಿ ಎರಡು ದಿನ ಪಾತ್ರೆ ತಿಕ್ಕಿದ
ಅಂಗೈಯಷ್ಟು ತಿಳಿ.
ಬಿಳಿಯಲ್ಲ. ಪೂರ್ತಿ ಬಿಳಿಯಲ್ಲ.
ರಿಜಿಸ್ಟರಿನಲ್ಲಿ ಬರೆಯಲಿಲ್ಲ. ಆ ನಾಲ್ಕು ಗುಳಿಗಳಿಗೆ
ನಂಬರಿಲ್ಲ, ಯಾರ ಸಹಿಯೂ ಇಲ್ಲ.

ಮುಂದಿನ ಸಲ ಮೊಬೈಲಿನಲ್ಲಿ ಫೋಟೋ ತೋರಿಸಿದೆ.
ಬೆರಳಿಂದ ಹಿಗ್ಗಿಸಿ ಬಹಳ ಹೊತ್ತು ನೋಡಿದಳು,
ತಾಟಿನಲ್ಲಿ ಹಳ್ಳು ಆರಿಸುವಂತೆ.
"ಇದು ನನ್ನ ಸೀರೀದೇನ?"
ಹೂಂ.
"ಇಲ್ಲೆ ಸುಮ್ಮನಾಗ್ಯಾವು ಅಂತಿ. ಧೂಳು ಎಲ್ಲಿ ಹೋತು?"

ಧೂಳು ಅಲ್ಲೇ ಇತ್ತು, ಗುಳಿಯ ತಳದಲ್ಲಿ.
ಅದನ್ನು ಅಳೆಯುವ ಬಣ್ಣ
ನನ್ನ ಕಪಾಟಿನಲ್ಲಿಲ್ಲ.

ನೀರಿನ ಬಾಟಲಿಯ ತಳಕ್ಕೆ ಕಾದ ಕಬ್ಬಿಣದಿಂದ ತೂತು ಮಾಡಿ
ಕಂದು ಪಂಪು ಸಿಗಿಸಿ ಕೊಟ್ಟೆ. ಬಾಟಲಿಗೆ ಬಾಯಿ ಇಟ್ಟಳು.
ಉಸಿರು ಹಿಡಿ ಚಿಗವ್ವ, ಹತ್ತು ಎಣಿಸುತ್ತೇನೆ.
ಎಂಟಕ್ಕೆ ನಗು ತಡೆಯಲಿಲ್ಲ ಅವಳಿಗೆ, ಕೆಮ್ಮೂ.

ಬಾಯಿ ಮುಕ್ಕಳಿಸಿ ಕರಿಬೇವಿನ ಬುಡಕ್ಕೆ ಉಗುಳಿ
"ನಾಳೆ ಗುರುವಾರ, ಪ್ಯಾಟಿ," ಅಂದಳು.
ಹಿತ್ತಲಿನ ತಂತಿಯಿಂದ ದುಡಿಮೆಯ ಸೀರೆ ತೆಗೆದು
ಎರಡು ಸಲ ಝಾಡಿಸಿದಳು.
ನಿಂತಳು. ಗಾಳಿ ನನ್ನ ಕಡೆಗಿಲ್ಲವೆಂದು ನೋಡಿ
ಮೂರನೆಯ ಸಲ.